ಎಟಿಎಂ ವಂಶವಾಹಿ ಮತ್ತು ಲಿಂಫೋಮಾ

ಡಿಎನ್‌ಎ ಎಳೆಗಳು ತುಂಡಾದಾಗ ಅದನ್ನು ಗುರುತಿಸಿ, ಜೀವಕೋಶ ಒಡೆದು ಎರಡಾಗುವುದನ್ನು ತಡೆಹಿಡಿದು, ದುರಸ್ತಿಗೆ ಚಾಲನೆ ಕೊಡುವ ವಂಶವಾಹಿಗಳಲ್ಲಿ ಎಟಿಎಂ ಪ್ರಮುಖವಾದುದು. ಇದು ಹಾಳಾಗಿರುವವರಲ್ಲಿ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್, ಅಂದರೆ ಲಿಂಫೋಮಾ, ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಈ ನಂಟಿನ ಸುಳಿವು ಮೊದಲು ಸಿಕ್ಕಿದ್ದು ಮಕ್ಕಳ ಒಂದು ಅಪರೂಪದ ನರರೋಗದಲ್ಲಿ.

ನಡಿಗೆ ತೂರಾಡುವ, ಕಣ್ಣಿನ ಬಿಳಿಭಾಗದಲ್ಲಿ ರಕ್ತನಾಳಗಳು ಹಿಗ್ಗಿ ಕೆಂಪಾಗಿ ಕಾಣುವ ಈ ಕಾಯಿಲೆಯನ್ನು 1926ರಲ್ಲಿ ಜೆಕ್ ವೈದ್ಯರಾದ ಸಿಲ್ಲಾಬಾ ಮತ್ತು ಹೆನ್ನರ್, 1941ರಲ್ಲಿ ಬೆಲ್ಜಿಯಂನ ಡೆನಿಸ್ ಲೂಯಿ-ಬಾರ್ ವರ್ಣಿಸಿದ್ದರು. ಅಟಾಕ್ಸಿಯಾ-ಟೆಲಾಂಜಿಯೆಕ್ಟೇಸಿಯಾ ಎಂಬ ಹೆಸರು ನೆಲೆಯಾದದ್ದು 1950ರ ದಶಕದ ಕೊನೆಗೆ, ಅಮೆರಿಕದ ಬೋಡರ್ ಮತ್ತು ಸೆಜ್‌ವಿಕ್ ಅವರಿಂದ. ಈ ಮಕ್ಕಳಿಗೆ ಶ್ವಾಸಕೋಶದ ಸೋಂಕು ಪದೇ ಪದೇ ತಗಲುತ್ತಿತ್ತು. ಹಲವರಿಗೆ ಲಿಂಫೋಮಾ, ಲ್ಯುಕೇಮಿಯಾಗಳೂ ಬರುತ್ತಿದ್ದವು. 1960ರ ದಶಕದಲ್ಲಿ ಅಂಥ ಕೆಲವರಿಗೆ ವಾಡಿಕೆಯ ಪ್ರಮಾಣದಲ್ಲೇ ವಿಕಿರಣ ಚಿಕಿತ್ಸೆ ಕೊಟ್ಟಾಗ ಚರ್ಮ ಮತ್ತು ಒಳ ಅಂಗಾಂಶಗಳು ತೀವ್ರವಾಗಿ ಸುಟ್ಟುಹೋದವು. ಕಾರಣದ ಎಳೆ ದೊರೆತದ್ದು 1975ರಲ್ಲಿ: ಈ ರೋಗಿಗಳ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ವಿಕಿರಣಕ್ಕೆ ಒಡ್ಡಿದಾಗ ಅವು ಸಾಮಾನ್ಯ ಕೋಶಗಳಿಗಿಂತ ಬಹಳ ಸುಲಭವಾಗಿ ಸತ್ತವು.

1988ರಲ್ಲಿ ದೋಷದ ಜಾಗ 11ನೇ ವರ್ಣತಂತುವಿನ ಉದ್ದ ತೋಳಿನಲ್ಲಿದೆ ಎಂದು ತಿಳಿಯಿತು. 1995ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಯೋಸೆಫ್ ಶಿಲೋ ಅವರ ತಂಡ ಅಲ್ಲಿರುವ ಎಟಿಎಂ ವಂಶವಾಹಿಯನ್ನೇ ಪತ್ತೆಹಚ್ಚಿತು. ಅದು ರೂಪಿಸುವ ಪ್ರೋಟೀನು 3,056 ಅಮೈನೊ ಆಮ್ಲಗಳಷ್ಟು ದೊಡ್ಡದು. ಎಳೆ ತುಂಡಾದೊಡನೆ ಅದು ಪಿ53 ಮುಂತಾದ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸಿ ಅವನ್ನು ಎಚ್ಚರಿಸುತ್ತದೆ.

ಇಡೀ ದೇಹದಲ್ಲಿರುವ ದೋಷ ಬಿಳಿ ರಕ್ತಕಣಗಳಾದ ಲಿಂಫೋಸೈಟುಗಳಲ್ಲೇ ಏಕೆ ಹೆಚ್ಚಾಗಿ ಕ್ಯಾನ್ಸರಿಗೆ ತಿರುಗುತ್ತದೆ? ಈ ಕೋಶಗಳು ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿಕೊಳ್ಳುತ್ತವೆ. ಅಸಂಖ್ಯ ರೋಗಾಣುಗಳನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನೂ ಗ್ರಾಹಿಗಳನ್ನೂ ರಚಿಸಲು ರ‍್ಯಾಗ್ ಕಿಣ್ವಗಳು ವಂಶವಾಹಿಯ ತುಣುಕುಗಳನ್ನು ಕತ್ತರಿಸುತ್ತವೆ, ದುರಸ್ತಿ ವ್ಯವಸ್ಥೆ ಅವನ್ನು ಹೊಸ ಕ್ರಮದಲ್ಲಿ ಬೆಸೆಯುತ್ತದೆ. ಬೆಸುಗೆ ತಪ್ಪಿದರೆ ಕತ್ತರಿಸಿದ ತುದಿ ಬೇರೊಂದು ವರ್ಣತಂತುವಿಗೆ ಅಂಟಿಕೊಳ್ಳಬಹುದು. ಬಿ-ಕೋಶಗಳೆಂಬ ಲಿಂಫೋಸೈಟುಗಳಿಂದ ಹುಟ್ಟುವ ಮ್ಯಾಂಟಲ್ ಕೋಶ ಲಿಂಫೋಮಾದಲ್ಲಿ 11 ಮತ್ತು 14ನೇ ವರ್ಣತಂತುಗಳ ನಡುವೆ ಆಗುವುದು ಇಂಥದ್ದೇ ಅದಲುಬದಲು. ಅದರಿಂದ ಕೋಶವಿಭಜನೆಗೆ ಒತ್ತು ಕೊಡುವ ಸೈಕ್ಲಿನ್ ಡಿ1 ಅತಿಯಾಗಿ ತಯಾರಾಗುತ್ತದೆ. 1996ರಲ್ಲಿ ಎಟಿಎಂ ಇಲ್ಲದಂತೆ ರೂಪಿಸಿದ ಇಲಿಗಳಲ್ಲಿ ಕೆಲವೇ ತಿಂಗಳಲ್ಲಿ ಥೈಮಸ್ ಗ್ರಂಥಿಯ ಲಿಂಫೋಮಾ ಕಾಣಿಸಿಕೊಂಡಿತು. ರ‍್ಯಾಗ್ ಕಿಣ್ವವನ್ನೂ ತೆಗೆದುಹಾಕಿದ ಇಲಿಗಳಲ್ಲಿ ಗಡ್ಡೆಗಳು ಗಣನೀಯವಾಗಿ ತಗ್ಗಿದ್ದು ಈ ವಿವರಣೆಗೆ ದೊಡ್ಡ ಆಧಾರ.

ಹುಟ್ಟಿನಿಂದ ದೋಷವಿಲ್ಲದವರಲ್ಲೂ ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ ಎಟಿಎಂ ಹಾಳಾಗಿರಬಹುದು ಎಂಬುದು 1997ರಿಂದೀಚೆಗೆ ಟಿ-ಕೋಶದ ಲ್ಯುಕೇಮಿಯಾದ ಒಂದು ಬಗೆಯಲ್ಲಿ, ಬಳಿಕ ಮ್ಯಾಂಟಲ್ ಕೋಶ ಲಿಂಫೋಮಾದಲ್ಲಿ ತಿಳಿದುಬಂತು. ಎರಡನೆಯದರಲ್ಲಂತೂ ಅರ್ಧದಷ್ಟು ರೋಗಿಗಳಲ್ಲಿ ಇದು ಕಾಣಸಿಗುತ್ತದೆ. ಎಟಿಎಂನಂತೆಯೇ ತುಂಡಾದ ಎಳೆಗಳ ದುರಸ್ತಿಯಲ್ಲಿ ಪಾಲ್ಗೊಳ್ಳುವ, 1998ರಲ್ಲಿ ಪತ್ತೆಯಾದ ಎನ್‌ಬಿಎಸ್1 ವಂಶವಾಹಿಯ ದೋಷದಿಂದ ಬರುವ ನೈಮೇಗನ್ ಸಿಂಡ್ರೋಮಿನಲ್ಲೂ ಲಿಂಫೋಮಾ ಸಾಮಾನ್ಯ.

ಚಿಕಿತ್ಸೆಯ ದೃಷ್ಟಿಯಿಂದ ಇಂಥ ವಂಶವಾಹಿ ದೋಷಗಳೆಲ್ಲದರ ತೂಕ ಒಂದೇ ಅಲ್ಲ. ಮ್ಯಾಂಟಲ್ ಕೋಶ ಲಿಂಫೋಮಾದಲ್ಲಿ ಪಿ53 ಪ್ರೋಟೀನನ್ನು ರೂಪಿಸುವ ಟಿಪಿ53 ವಂಶವಾಹಿಯಲ್ಲಿ ಉತ್ಪರಿವರ್ತನೆ ಇದ್ದರೆ ಕೀಮೋಥೆರಪಿ ಅಷ್ಟಾಗಿ ಫಲಿಸುವುದಿಲ್ಲ. ಎಟಿಎಂ ನಷ್ಟವೊಂದರಿಂದಲೇ ರೋಗದ ಗತಿಯನ್ನು ಊಹಿಸುವುದು ಕಷ್ಟ. ಎಟಿಎಂ ಕಳೆದುಕೊಂಡ ಲಿಂಫೋಮಾ ಕೋಶಗಳು ಡಿಎನ್‌ಎ ದುರಸ್ತಿಯ ಇನ್ನೊಂದು ಕಿಣ್ವವನ್ನು ತಡೆಯುವ ಪಾರ್ಪ್ ಪ್ರತಿಬಂಧಕಗಳಿಗೆ ಸುಲಭವಾಗಿ ಬಲಿಯಾಗುತ್ತವೆ ಎಂದು 2010ರಲ್ಲಿ ಪ್ರಯೋಗಾಲಯದ ಅಧ್ಯಯನಗಳು ತೋರಿಸಿದರೂ ಆ ಔಷಧಗಳು ಈ ಕಾಯಿಲೆಯ ವಾಡಿಕೆಯ ಚಿಕಿತ್ಸೆಯಾಗಲಿಲ್ಲ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಬ್ರುಟಿನಿಬ್ ಔಷಧ ಹಿಡಿದದ್ದು ಬೇರೆ ದಾರಿ: ಡಿಎನ್‌ಎಗೆ ಪೆಟ್ಟು ಕೊಡದೆ, ಬಿ-ಕೋಶ ಬದುಕಲು ಬೇಕಾದ ಸಂಕೇತವನ್ನು ತಡೆಯುವುದು.