ಬಣ್ಣದ ಹನಿ, ಬೆಳಕಿನ ಮದ್ದು: ಕಣ್ಣಿಗೆ ಎಷ್ಟು ಕ್ಷೇಮ?



ಕಣ್ಣಿಗೆ ಸೋಂಕು ತಗುಲಿ ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ ಅಂದುಕೊಳ್ಳಿ. ಗಂಟೆಗೊಮ್ಮೆ ಡ್ರಾಪ್ಸ್ ಹಾಕಿದರೂ ಮಾಯುತ್ತಿಲ್ಲ. ಆಗ ಡಾಕ್ಟರು, ಕಣ್ಣಿಗೆ ಬಣ್ಣದ ಹನಿ ಬಿಟ್ಟು ಅದರ ಮೇಲೆ ಬೆಳಕು ಹಾಯಿಸುವ ಚಿಕಿತ್ಸೆಯೂ ಇದೆ ಎನ್ನುತ್ತಾರೆ. ನೀವು ಕೇಳುವ ಮೊದಲ ಪ್ರಶ್ನೆ, "ಕಣ್ಣಿಗೇನೂ ಆಗೋದಿಲ್ಲ ತಾನೆ?" ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಅದು ಶುರುವಾಗುವುದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಪ್ರೊಫೆಸರ್ ಹರ್ಮನ್ ಫಾನ್ ಟಾಪೈನರ್ ಅವರ ಬಳಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದ. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳಿರುವ ನೀರಿಗೆ ಅಕ್ರಿಡಿನ್ ಎಂಬ ರಾಸಾಯನಿಕ ಬೆರೆಸಿ ಅವು ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ನೋಡುವುದು ಅವನ ಕೆಲಸ. ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ಅಷ್ಟೇ ಪ್ರಮಾಣ ಬೆರೆಸಿದರೂ ಬಹಳ ಹೊತ್ತು ಬದುಕಿದವು. ವ್ಯತ್ಯಾಸವಿದ್ದದ್ದು ಬೆಳಕಿನಲ್ಲಿ! 1900ರಲ್ಲಿ ರಾಬ್ ಇದನ್ನು ಪ್ರಕಟಿಸಿದ. ಬೆಳಕನ್ನು ಹೀರಿದ ಬಣ್ಣ ತನ್ನ ಶಕ್ತಿಯನ್ನು ಸುತ್ತಲಿನ ಆಮ್ಲಜನಕಕ್ಕೆ ದಾಟಿಸುತ್ತದೆ, ಕೆರಳಿದ ಆಮ್ಲಜನಕ ಪಕ್ಕದಲ್ಲಿದ್ದುದನ್ನು ಸುಡುತ್ತದೆ ಎಂಬ ವಿವರಣೆ ಮುಂದೆ ಸ್ಪಷ್ಟವಾಯಿತು.

ತೊಡಕಿರುವುದೂ ಇಲ್ಲೇ. ಕ್ರಿಮಿ ಯಾವುದು, ನಮ್ಮ ಮೈ ಯಾವುದು ಎಂಬುದು ಆ ಆಮ್ಲಜನಕಕ್ಕೆ ತಿಳಿಯದು. 1912ರಲ್ಲಿ ಫ್ರೆಡ್ರಿಕ್ ಮೇಯರ್-ಬೆಟ್ಸ್ ಎಂಬ ಜರ್ಮನ್ ವೈದ್ಯ 200 ಮಿಲಿಗ್ರಾಂ ಹೆಮಟೊಪಾರ್ಫಿರಿನ್ ಎಂಬ ಬಣ್ಣವನ್ನು ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಬಿಸಿಲು ಬಿದ್ದಲ್ಲೆಲ್ಲ ಮೈ ಊದಿಕೊಂಡಿತು. ತಿಂಗಳುಗಳ ಕಾಲ ಅವನಿಗೆ ಬಿಸಿಲೇ ಆಗಿಬರಲಿಲ್ಲ.

1970ರ ದಶಕದಲ್ಲಿ ಇದೇ ಉಪಾಯವನ್ನು ಹರ್ಪಿಸ್ ವೈರಸ್ ಮೇಲೆ ಪ್ರಯೋಗಿಸಿದರು. ಚರ್ಮದ ಹುಣ್ಣಿಗೆ ನ್ಯೂಟ್ರಲ್ ರೆಡ್ ಎಂಬ ಬಣ್ಣ, ಕಣ್ಣಿನ ಹರ್ಪಿಸ್‌ಗೆ ಪ್ರೊಫ್ಲೇವಿನ್. ಮೊದಲು ಬಂದದ್ದು ಒಳ್ಳೆಯ ಸುದ್ದಿಯೇ. ಆದರೆ 1973ರಲ್ಲಿ ಅಮೆರಿಕದ ಫ್ರೆಡ್ ರ‍್ಯಾಪ್ ಮತ್ತು ಸಂಗಡಿಗರು, ಹೀಗೆ ನಿಷ್ಕ್ರಿಯಗೊಳಿಸಿದ ವೈರಸ್ ಪ್ರಯೋಗಶಾಲೆಯ ಜೀವಕೋಶಗಳನ್ನು ಕ್ಯಾನ್ಸರ್ ಸ್ವಭಾವಕ್ಕೆ ತಿರುಗಿಸಬಲ್ಲದು ಎಂದು ತೋರಿಸಿದರು. 1975ರಲ್ಲಿ, ಯಾರಿಗೆ ಔಷಧಿ, ಯಾರಿಗೆ ಬರೀ ಬಣ್ಣದ ನೀರು ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ನ್ಯೂಟ್ರಲ್ ರೆಡ್‌ನಿಂದ ಲಾಭವೇ ಇರಲಿಲ್ಲ. ಉತ್ಸಾಹ ಅಲ್ಲಿಗೆ ಇಳಿಯಿತು.

ಬೆಳಕು ಕಣ್ಣಿನ ಆಸ್ಪತ್ರೆಗೆ ಮತ್ತೆ ಬಂದದ್ದು ಬೇರೆ ಬಾಗಿಲಿನಿಂದ. ಜರ್ಮನಿಯ ಡ್ರೆಸ್ಡನ್‌ನ ವೈದ್ಯರು ಕೆರಾಟೊಕೋನಸ್ ಕಾಯಿಲೆಗೆ, ಅಂದರೆ ಕಾರ್ನಿಯಾ ತೆಳುವಾಗಿ ಚೂಪಾಗುವ ತೊಂದರೆಗೆ, ಒಂದು ಚಿಕಿತ್ಸೆ ಕಂಡುಹಿಡಿದು 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ರೈಬೊಫ್ಲೇವಿನ್, ಅಂದರೆ ಬಿ-2 ವಿಟಮಿನ್‌ನ ಹಳದಿ ಹನಿ, ಅದರ ಮೇಲೆ 30 ನಿಮಿಷ ಅತಿನೇರಳೆ ಬೆಳಕು. ಇದರಿಂದ ಕಾರ್ನಿಯಾ ಗಟ್ಟಿಯಾಗುತ್ತದೆ. ಇಲ್ಲಿ ಕ್ಷೇಮದ ಲೆಕ್ಕ ಮೊದಲೇ ಹಾಕಿದ್ದರು. ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕು. ಅದಕ್ಕಿಂತ ತೆಳುವಾದರೆ ಒಳಪದರದ ಜೀವಕೋಶಗಳಿಗೆ ಪೆಟ್ಟು ಬೀಳಬಹುದು, ಅವು ಮತ್ತೆ ಹುಟ್ಟುವುದಿಲ್ಲ.

ಗಟ್ಟಿ ಮಾಡುವ ಬೆಳಕು ಕ್ರಿಮಿಯನ್ನೂ ಕೊಲ್ಲಬಹುದಲ್ಲ? 2008ರ ಹೊತ್ತಿಗೆ ಔಷಧಿಗೆ ಬಗ್ಗದ ಸೋಂಕುಗಳಲ್ಲಿ ಇದನ್ನು ಬಳಸಿದ ವರದಿಗಳು ಬಂದವು. ಕೆಲವರಿಗೆ ಗುಣವಾಗಿತ್ತು. ಆದರೆ ಕೆಲವರಿಗೆ ಗುಣವಾದದ್ದು ಬೇರೆ, ಎಲ್ಲರಿಗೂ ಕ್ಷೇಮ ಎನ್ನುವುದು ಬೇರೆ. ಅದನ್ನು ಒರೆಗೆ ಹಚ್ಚಿದ್ದು ನಮ್ಮ ದೇಶದಲ್ಲೇ, ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ. ಹೊಲಗದ್ದೆಯಲ್ಲಿ ದುಡಿಯುವವರ ಕಣ್ಣಿಗೆ ಹುಲ್ಲು, ಕಡ್ಡಿ ತಾಗಿ ಬರುವ ಶಿಲೀಂಧ್ರದ ಹುಣ್ಣು ನಮ್ಮಲ್ಲಿ ಬಹಳ. ಆಳಕ್ಕಿಳಿದ ಇಂಥ ಹುಣ್ಣಿನ ಮೇಲೆ ನಡೆದ, 2015ರಲ್ಲಿ ವರದಿಯಾದ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಬೆಳಕಿನ ಚಿಕಿತ್ಸೆ ಪಡೆದವರಲ್ಲೇ ಕಾರ್ನಿಯಾ ತೂತಾಗುವುದು ಹೆಚ್ಚಾಗಿತ್ತು. 111 ರೋಗಿಗಳ ಇನ್ನೊಂದು ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಡ್ರಾಪ್ಸ್ ಜೊತೆ ಬೆಳಕು ಸೇರಿಸಿದ್ದರಿಂದ ಲಾಭ ಕಾಣಲಿಲ್ಲ, ದೃಷ್ಟಿ ತುಸು ಕಡಿಮೆಯೇ ಆಗಿತ್ತು.

ಹಾಗೆಂದು ಬಾಗಿಲು ಮುಚ್ಚಿಲ್ಲ. ಕಣ್ಣಿನ ಮೇಲ್ಪದರದ ಗಾಯ ಪತ್ತೆಹಚ್ಚಲು ವೈದ್ಯರು ಬಹುಕಾಲದಿಂದ ಬಳಸಿದ ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣಕ್ಕೆ ಹಸಿರು ಬೆಳಕು ಜೋಡಿಸಿ ಅಮೆರಿಕದ ಮಯಾಮಿಯ ಬ್ಯಾಸ್ಕಮ್ ಪಾಮರ್ ಕಣ್ಣಿನ ಸಂಸ್ಥೆ ಕಠಿಣ ಸೋಂಕುಗಳಲ್ಲಿ ಪ್ರಯೋಗಿಸಿದೆ. ಬಣ್ಣ ಬದಲಾದರೂ ಪ್ರಶ್ನೆ ಅದೇ. ಸುಡುವುದು ಕ್ರಿಮಿಯನ್ನು ಮಾತ್ರವೇ?

ನಿಮಗೋ ನಿಮ್ಮವರಿಗೋ ಇಂಥ ಚಿಕಿತ್ಸೆಯ ಮಾತು ಬಂದರೆ ಸಂಕೋಚವಿಲ್ಲದೆ ಕೇಳಿ: ಸೋಂಕು ಬ್ಯಾಕ್ಟೀರಿಯಾದ್ದೋ, ಶಿಲೀಂಧ್ರದ್ದೋ? ಹುಣ್ಣು ಎಷ್ಟು ಆಳಕ್ಕಿದೆ? ಕಾರ್ನಿಯಾದ ದಪ್ಪ ಅಳೆದಿದ್ದೀರಾ? ಹಿಂದೆ ಕಣ್ಣಿಗೆ ಹರ್ಪಿಸ್ ಬಂದಿದ್ದರೆ ನೀವೇ ಮೊದಲು ಹೇಳಿ. ಅತಿನೇರಳೆ ಬೆಳಕು ಮಲಗಿದ ಆ ವೈರಸ್ಸನ್ನು ಎಬ್ಬಿಸಬಹುದು. ಬೆಳಕಿನ ಚಿಕಿತ್ಸೆ ಆಯಿತೆಂದು ಡ್ರಾಪ್ಸ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.