ಹಾಸ್ಪಿಸ್ ಶುಶ್ರೂಷೆಯ ಉಗಮ: ಒಂದು ವಿವೇಚನೆ

ಮರಣಾಸನ್ನರ ಶುಶ್ರೂಷೆಗೆ ಮೀಸಲಾದ 'ಹಾಸ್ಪಿಸ್' ಸಂಸ್ಥೆಯ ಮೂಲವನ್ನು ಮಧ್ಯಯುಗದ ಯೂರೋಪಿನ ಯಾತ್ರಿಕರ ಛತ್ರಗಳಲ್ಲಿ ಅರಸುವುದು ವಾಡಿಕೆಯಾಗಿದೆ. ಅತಿಥಿಸತ್ಕಾರವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಈ ಹೆಸರು ಬಂದಿರುವುದು ನಿಜ. ಆದರೆ ಹೆಸರಿನ ಸಾತತ್ಯವನ್ನು ಸಂಸ್ಥೆಯ ಸಾತತ್ಯವೆಂದು ಭಾವಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಆ ಛತ್ರಗಳಲ್ಲಿ ಯಾತ್ರಿಕನೂ ಬಡವನೂ ರೋಗಿಯೂ ಒಟ್ಟಿಗೆ ತಂಗುತ್ತಿದ್ದರು.

ಸಾಯುವವರಿಗೆಂದೇ ಪ್ರತ್ಯೇಕ ಮನೆಗಳು ಏರ್ಪಟ್ಟುದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜಾನ್ ಗಾರ್ನಿಯೆ ಎಂಬ ವಿಧವೆ 1842ರಲ್ಲಿ ವಿಧವೆಯರದೇ ಒಂದು ಸಂಘವನ್ನು ಕಟ್ಟಿ ಗುಣವಾಗದ ರೋಗಿಗಳ ಸೇವೆಗೆ ತೊಡಗಿದರು. ಐರಿಷ್ ಧರ್ಮಭಗಿನಿಯರು 1879ರಲ್ಲಿ ಡಬ್ಲಿನ್ನಿನಲ್ಲಿಯೂ 1905ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿಯೂ ಇಂತಹ ಮನೆಗಳನ್ನು ತೆರೆದರು. ಅಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ನೋವನ್ನು ಅಡಗಿಸುವ ವ್ಯವಸ್ಥಿತ ವೈದ್ಯಕ್ಕೆ.

ಇದನ್ನು ತುಂಬಿದವರು ಸಿಸಿಲಿ ಸಾಂಡರ್ಸ್ (1918–2005). ದಾದಿಯಾಗಿ, ಅನಂತರ ಆಸ್ಪತ್ರೆಯ ಸಮಾಜಸೇವಕಿಯಾಗಿ ದುಡಿಯುತ್ತಿದ್ದ ಆಕೆ 1948ರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿಯ ಕೊನೆಯ ದಿನಗಳಲ್ಲಿ ಜತೆಗಿದ್ದರು. ಅವನು ಬಿಟ್ಟುಹೋದ 500 ಪೌಂಡುಗಳೇ ಮುಂದಿನ ಸಂಸ್ಥೆಗೆ ಮೊದಲ ದೇಣಿಗೆ. ಆಮೇಲೆ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಆಕೆ ಒಂದು ರೂಢಿಯನ್ನು ಕಂಡರು: ರೋಗಿ ನೋವಿನಿಂದ ಅಂಗಲಾಚುವವರೆಗೆ ಕಾಯದೆ, ಗೊತ್ತಾದ ವೇಳೆಗೆ ಸರಿಯಾಗಿ ಔಷಧವನ್ನು ಕೊಡುವುದು. ತೋರಿಕೆಗೆ ಅಲ್ಪವಾದ ಈ ಸಂಗತಿಯನ್ನೇ ನಾವು ಈ ಚರಿತ್ರೆಯ ನಿಜವಾದ ತಿರುವೆಂದು ಎಣಿಸುತ್ತೇವೆ. ಅಂದಿನ ಸಾಮಾನ್ಯ ಆಸ್ಪತ್ರೆಗಳಲ್ಲಿ, ಚಟ ಹತ್ತೀತೆಂಬ ಭಯದಿಂದ, ಮಾರ್ಫೀನನ್ನು ಆದಷ್ಟು ತಡಮಾಡಿ ಕೊಡುತ್ತಿದ್ದರು. ರೋಗಿ ಪ್ರತಿ ಸಲವೂ ನರಳಿಯೇ ಔಷಧಕ್ಕೆ ಅರ್ಹನಾಗಬೇಕಾಗಿತ್ತು. ನೋವು ಮರಳಿ ಬರುವುದೆಂಬ ಹೆದರಿಕೆಯೇ ನೋವನ್ನು ಹೆಚ್ಚಿಸುತ್ತಿತ್ತು. 1957ರಲ್ಲಿ ವೈದ್ಯಪದವಿ ಪಡೆದ ಸಾಂಡರ್ಸ್, ಮರುವರ್ಷದಿಂದ ಹ್ಯಾಕ್ನಿಯ ಆ ಮನೆಯಲ್ಲಿ ಇದೇ ಕ್ರಮವನ್ನು ನಡೆಸಿ, ಫಲವನ್ನು ರೋಗಿವಾರು ಬರೆದಿಟ್ಟರು. ನೋವು ಶರೀರಕ್ಕೆ ಮಾತ್ರ ಸೇರಿದುದಲ್ಲ, ಮನಸ್ಸು, ಸಂಸಾರ, ನಂಬಿಕೆಗಳೂ ಅದರಲ್ಲಿ ಬೆರೆತಿರುತ್ತವೆಂಬ 'ಸಮಗ್ರ ನೋವಿ'ನ ಕಲ್ಪನೆ ಇಲ್ಲಿಯ ಅನುಭವದಿಂದ ಹುಟ್ಟಿತು. 1967ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ ತೆರೆಯಿತು. 1969ರಿಂದ ಅದರ ಶುಶ್ರೂಷೆ ರೋಗಿಗಳ ಮನೆಬಾಗಿಲಿಗೂ ಹೋಯಿತು.

ಭಾರತದಲ್ಲಿ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಟ್ರಸ್ಟಿನಿಂದ ಕರುಣಾಶ್ರಯ ಬೆಳೆಯಿತು. ಅಲ್ಲಿ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದೆ ಶುಶ್ರೂಷೆ ದೊರೆಯುತ್ತದೆ. ಆದರೆ ಕಟ್ಟಡಗಳಿಗಿಂತ ದೊಡ್ಡ ಪ್ರಶ್ನೆ ಔಷಧದ್ದು. ಮಾದಕದ್ರವ್ಯಗಳನ್ನು ಕುರಿತ 1985ರ ಕಾಯಿದೆ ಕಠಿಣ ಶಿಕ್ಷೆಗಳನ್ನು ವಿಧಿಸಿತು. ಮಾರ್ಫೀನನ್ನು ಇಟ್ಟುಕೊಳ್ಳಲು ಹಲವು ಪರವಾನಗಿಗಳು ಬೇಕಾದುದರಿಂದ ಆಸ್ಪತ್ರೆಗಳೂ ಔಷಧದಂಗಡಿಗಳೂ ಅದರ ಗೊಡವೆಯೇ ಬೇಡವೆಂದುಕೊಂಡವು. ಕಾಯಿದೆಗೆ ಒಳಪಟ್ಟು ಅಫೀಮನ್ನು ಬೆಳೆದು ಹೊರದೇಶಗಳಿಗೆ ಕಳುಹಿಸುವ ನಾಡಿನಲ್ಲಿಯೇ ಅದರ ಸಾರ ರೋಗಿಗೆ ದುರ್ಲಭವಾದುದು ವಿಪರ್ಯಾಸವಲ್ಲದೆ ಮತ್ತೇನು? ಇಂತಹ ಪರಿಸ್ಥಿತಿಯಲ್ಲಿಯೇ 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾದ ಚಿಕಿತ್ಸಾಲಯ, ನೆರೆಹೊರೆಯ ಸ್ವಯಂಸೇವಕರಿಗೆ ತರಬೇತಿಯಿತ್ತು ಮನೆಗಳಲ್ಲಿಯೇ ಶುಶ್ರೂಷೆ ನಡೆಸುವ ಮಾರ್ಗವನ್ನು ರೂಪಿಸಿತು. ಕಾಯಿದೆಗೆ ತಿದ್ದುಪಡಿಯಾಗಿ, ಮಾರ್ಫೀನಿಗೆ ರಾಜ್ಯರಾಜ್ಯಕ್ಕೂ ಬೇರೆಬೇರೆಯಾಗಿದ್ದ ಪರವಾನಗಿಗಳ ತೊಡಕು ಸಡಿಲವಾದುದು 2014ರಲ್ಲಿ, ಮೂಲ ಕಾಯಿದೆ ಬಂದ ಇಪ್ಪತ್ತೊಂಬತ್ತು ವರ್ಷಗಳ ಅನಂತರ.