ಎಕ್ಕದ ನಾರು, ಎಕ್ಕದ ಹತ್ತಿ: ಒಂದು ಹಳೇ ಲೆಕ್ಕ

ಎಕ್ಕ ಹಾಕಿ, ಕಾಯಿ ನಾವು ಕೊಂಡ್ಕೊಳ್ತೀವಿ, ಅದರ ಹತ್ತಿಯಿಂದ ಬಟ್ಟೆ ಮಾಡ್ತೀವಿ ಅಂತ ಹೇಳ್ಕೊಂಡು ಈಚೆಗೆ ನಮ್ಮ ಕಡೆ ಒಬ್ಬರು ಓಡಾಡ್ತಿದ್ದಾರೆ. ಅರ್ಧ ಎಕರೆ ಬಿಡೋಣ್ವಾ ಅಂತ ಇಬ್ಬರು ನನ್ನನ್ನೂ ಕೇಳಿದ್ರು. ಅವರ ಮಾತು ಪೂರ್ತಿ ಸುಳ್ಳಲ್ಲ. ಆದ್ರೆ ಈ ಆಸೆಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ.

ಎಕ್ಕ ನಮಗೆ ಬರೀ ರಥಸಪ್ತಮಿಯ ಏಳು ಎಲೆಯ ಗಿಡವಲ್ಲ. ಸೊಪ್ಪನ್ನು ಕೆಸರುಗದ್ದೆಗೆ ಹಾಕಿ ತುಳಿಯುತ್ತಿದ್ದರು. ಕಡ್ಡಿಯ ಸಿಪ್ಪೆಯ ನಾರು ಬಿಲ್ಲಿನ ಹೆದೆಗೆ, ಮೀನಿನ ಬಲೆಗೆ ಹೋಗುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸು ಸೀಮೆಯಲ್ಲಿದ್ದ ಸಸ್ಯತಜ್ಞ ರಾಬರ್ಟ್ ವೈಟ್ ಬೇರೆ ಬೇರೆ ನಾರಿನ ಹಗ್ಗಗಳಿಗೆ ಭಾರ ಕಟ್ಟಿ ನೋಡಿದರು. ತೆಂಗಿನ ನಾರು 224 ಪೌಂಡಿಗೆ ಹರಿಯಿತು, ಪುಂಡಿ 290ಕ್ಕೆ, ಹತ್ತಿ 346ಕ್ಕೆ, ಸಣಬು 407ಕ್ಕೆ. ಎಕ್ಕ ತಡೆದದ್ದು 552 ಪೌಂಡು! ಎಲ್ಲಕ್ಕಿಂತ ಗಟ್ಟಿ ನಾರು ನಮ್ಮ ಬದುವಿನ ಕಳೆಯಲ್ಲೇ ಇತ್ತು.

ಹಾಗಿದ್ರೆ ಯಾಕೆ ಬೆಳೆಯಾಗಲಿಲ್ಲ? ಪುಂಡಿ, ಸಣಬಿನ ಹಾಗೆ ಕಟ್ಟು ಕಟ್ಟಿ ಕೆರೆಗೆ ಹಾಕಿ ಕೊಳೆಸೋ ಕೆಲಸ ಇದಕ್ಕೆ ಆಗಿಬರಲ್ಲ. ಕಡ್ಡಿ ಕಡಿದು, ಒಂದೆರಡು ದಿನ ಬಾಡಿಸಿ, ಜಜ್ಜಿ, ಒಂದೊಂದೇ ಕಡ್ಡಿಯ ಸಿಪ್ಪೆಯನ್ನು ಕೈಯಲ್ಲಿ ಸುಲಿಯಬೇಕು. ದಿನಗಟ್ಟಲೆ ಕೂತರೂ ಸಿಗೋದು ಹಿಡಿಯಷ್ಟು. ನಾರಿನ ಬಲ ಎಷ್ಟಿದ್ದರೇನು, ಕೂಲಿ ಗಿಟ್ಟಲಿಲ್ಲ.

ಈಗ ಅವರು ಕೇಳ್ತಿರೋದು ನಾರಲ್ಲ, ಕಾಯೊಳಗಿನ ಬಿಳಿ ಹತ್ತಿ. ಅದಕ್ಕೂ ಒಂದು ಕಾಲ ಬಂದಿತ್ತು, ಆದ್ರೆ ಅಮೆರಿಕದಲ್ಲಿ, ಎಕ್ಕದ ಅಲ್ಲಿನ ದಾಯಾದಿ ಗಿಡಕ್ಕೆ. 1942ರಲ್ಲಿ ಜಪಾನಿನವರು ಜಾವಾ ಹಿಡಿದಾಗ ನೀರಲ್ಲಿ ತೇಲಿಸೋ ಅಂಗಿಗಳಿಗೆ ತುಂಬುತ್ತಿದ್ದ ಬೂರುಗದ ಜಾತಿಯ ಹತ್ತಿ ಅಲ್ಲಿಂದ ಬರೋದು ನಿಂತುಹೋಯ್ತು. ಆಗ ಅಮೆರಿಕ ಸರ್ಕಾರ ಶಾಲೆ ಮಕ್ಕಳಿಂದ ಈ ಕಾಯಿ ಆರಿಸಿತು. ಎರಡು ಚೀಲ ಕಾಯಿಗೆ ಒಂದು ಅಂಗಿ, ಅಂದರೆ ಒಂದು ಜೀವ ಅನ್ನೋ ಲೆಕ್ಕ. ಮಿಷಿಗನ್ ರಾಜ್ಯದಲ್ಲಿ ಕಾರ್ಖಾನೆಯೂ ಎದ್ದಿತು. ಯುದ್ಧ ಮುಗಿಯಿತು, ಕಾರ್ಖಾನೆಗೂ ಬೀಗ ಬಿತ್ತು.

ಈ ಹತ್ತಿಯ ಎಳೆ ಟೊಳ್ಳು, ಅದಕ್ಕೇ ಹಗುರ, ತೇಲುತ್ತೆ. ಆದ್ರೆ ನುಣುಪು, ಗಿಡ್ಡ, ಒಂದಕ್ಕೊಂದು ಹಿಡಿದುಕೊಳ್ಳಲ್ಲ. ನಮ್ಮ ಎಕ್ಕದ್ದೂ ಇದೇ ಗುಣ. ನೂಲೋದಾದ್ರೆ ಮಾಮೂಲಿ ಹತ್ತಿ ಬೆರೆಸಲೇಬೇಕು. ಕಾಯಿ ಬಿರಿಯೋ ಮೊದಲೇ ಕಿತ್ತಿರಬೇಕು, ಇಲ್ಲಾಂದ್ರೆ ಗಾಳಿಗೆ ಹೋಯ್ತು. ಕೀಳುವಾಗ ಹಾಲು ಚಿಮ್ಮುತ್ತೆ. ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯೇ ಮಸುಕಾಗಬಹುದು. ಮೊದಲು ಚೆನ್ನಾಗಿ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಕೂಲಿಯವರಿಗೆ ಕನ್ನಡಕ, ಕೈಗವಸು ಕೊಡೋರು ಯಾರು?

ಅವರು ಮತ್ತೆ ಬಂದಾಗ ಇಷ್ಟು ಕೇಳಿ: ಕೊಳ್ಳೋದು ಕಾಯಿ ತೂಕಕ್ಕೋ, ಬಿಡಿಸಿದ ಹತ್ತಿ ತೂಕಕ್ಕೋ? ಬಿಡಿಸೋ ಕೂಲಿ ಯಾರದ್ದು? ದರ ಕಾಗದದ ಮೇಲೆ ಬರೆದುಕೊಡ್ತಾರಾ? ಅಲ್ಲೀವರೆಗೆ ಬದುವಿನಲ್ಲಿರೋ ಗಿಡದ ಕಾಯನ್ನೇ ಒಂದು ಚೀಲ ಕಿತ್ತು ಒಣಗಿಸಿ, ಹತ್ತಿ ಎಷ್ಟು ಬರುತ್ತೆ ತೂಗಿ ನೋಡಿ. ನಾನೂ ಈ ಸಲ ತೂಗ್ತೀನಿ, ಲೆಕ್ಕ ಇಲ್ಲೇ ಹಾಕ್ತೀನಿ.